ಹನ್ನೊಂದು ಶುಕ್ರವಾರ

ಫೆಬ್ರವರಿ ೯

ಪೂಜ್ಯ ಅತ್ತೆಯವರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಬೇಕಂತೆ, ಮಾಡಿದೆ. ಕಾಗದ ಬರೆದು ಅಭ್ಯಾಸವಿಲ್ಲ. ಇಷ್ಟಕ್ಕೇ ಮೂರು ಹಾಳೆ ಹರಿದಿದ್ದೇನೆ. "ಅಮ್ಮ ಇನ್ಮೇಲೆ ಫೋನ್ ಎತ್ತಲ್ವಂತೆ. ಫೋನಲ್ಲಿ ಹೇಳಿದ್ದು ಮರೆತುಹೋಗತ್ತಂತೆ, ಏನಿದ್ರೂ ಬರೆದು ಕಳಿಸ್ಬೇಕಂತೆ" ಎಂದು ನಿಮ್ಮ ಮಗಳು ಹೇಳಿದಾಗ ನಾನು ಊಟಕ್ಕೆ ಕೂತಿದ್ದೆ. ಅರ್ಧಕ್ಕೇ ಎದ್ದು ಕೈ ತೊಳೆದೆ.

ಅವಳಿಗೆ ನಾಲ್ಕು ತಿಂಗಳು ತುಂಬಿತು. ವಾಂತಿ ನಿಂತಿದೆ, ಸಿಡುಕು ನಿಂತಿಲ್ಲ. ನನ್ನ ಚಪ್ಪಲಿಯ ಸದ್ದು ಕೇಳಿದರೂ ತಲೆನೋವು ಬರುತ್ತದಂತೆ, ಹಾಗಾಗಿ ಮನೆಯೊಳಗೆ ಕಳ್ಳನಂತೆ ಓಡಾಡುತ್ತೇನೆ.

ವರ್ಕ್‌ಶಾಪಿಗೆ ಹೊಸ ಕಂಪ್ಯೂಟರು ಬಂತು. ಹಳೆಯದು ನವೆಂಬರಿನಲ್ಲಿ ಕೆಟ್ಟಾಗ ಹೋದ ಎಂಬತ್ತಮೂರು ಜನರ ಕೃತಕ ಕಾಲಿನ ಅಳತೆಗಳನ್ನು ಮತ್ತೆ ಮೊದಲಿನಿಂದ ತೆಗೆಯುತ್ತಿದ್ದೇವೆ. ದಿನಕ್ಕೆ ಇಬ್ಬರು, ಹೆಚ್ಚೆಂದರೆ ಮೂವರು. ಸ್ಟೂಲಿನ ಮೇಲೆ ಕಾಲಿಟ್ಟು ಕೂರುತ್ತಾರೆ, ನಾನು ಸುತ್ತ ಸ್ಕ್ಯಾನರ್ ಆಡಿಸುತ್ತೇನೆ. 'ಮೊಂಡು ಕಾಲು' ಎನ್ನಬಾರದು, 'ಉಳಿದ ಕಾಲು' ಎನ್ನಬೇಕು ಎಂದು ನೀವು ಕಲಿಸಿದ್ದನ್ನು ಯಾರೂ ಬಿಟ್ಟಿಲ್ಲ. ನಿಮ್ಮ ಕುರ್ಚಿಯನ್ನು ನನಗೆ ಕೊಟ್ಟಿದ್ದಾರೆ. ಅದರ ಎತ್ತರ ಬದಲಾಯಿಸಲು ಮನಸ್ಸು ಬರಲಿಲ್ಲ. ಮೊಣಕಾಲು ಮೇಜಿಗೆ ಬಡಿಯುತ್ತದೆ, ಬಡಿಯಲಿ ಎಂದು ಬಿಟ್ಟಿದ್ದೇನೆ.

ಒಂದು ಸಹಾಯ ಬೇಕು. ಹೊಸ ಕಂಪ್ಯೂಟರಿನಲ್ಲೂ ಇರುವುದು ಯುನಿಕ್ಸ್ ಬಳಗದ ಸಿಸ್ಟಮ್ಮೇ. ಪ್ರತಿ ಶುಕ್ರವಾರ ಬೀರುವಿನ ಡಿಸ್ಕನ್ನು ಜೋಡಿಸಿ, ಅಳತೆಗಳ ನಕಲು ಬರೆದು, ಬಿಡಿಸುವ ಕ್ರಮವನ್ನು ನಿಮ್ಮ ಕೈಯಲ್ಲೇ ಬರೆದು ಕಳಿಸುತ್ತೀರಾ? ಗೋಡೆಗೆ ಅಂಟಿಸುತ್ತೇನೆ.

ಬರೆಯುವುದು ಇನ್ನೂ ಇತ್ತು. ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಅಳಿಯ


ಫೆಬ್ರವರಿ ೨೧

ಅಳಿಯಂದಿರಿಗೆ ಆಶೀರ್ವಾದಗಳು.

ನಿಮ್ಮ ಕಾಗದ ತಲುಪಿತು. ತಲುಪಿದ್ದು ಮಂಗಳವಾರ ಎಂದು ಅದರ ಬೆನ್ನಿಗೇ ಬರೆದಿಟ್ಟಿದ್ದೇನೆ. ಈಗ ಎಲ್ಲದರ ಬೆನ್ನಿಗೂ ಬರೆಯುತ್ತೇನೆ. ನನ್ನ ತಂಗಿಯ ಮನೆಯ ಗೋಡೆಗಳು ನೋಟಿಸ್ ಬೋರ್ಡ್ ಆಗಿವೆ. ಒಲೆಯ ಹತ್ತಿರ 'ಆರಿಸಿದೆಯಾ?', ಬಾಗಿಲಿಗೆ 'ಬೀಗದ ಕೈ?', ಕನ್ನಡಿಗೆ 'ಕನ್ನಡಕ ತಲೆಯ ಮೇಲಿದೆ'. ಕೊನೆಯದು ತಂಗಿ ಅಂಟಿಸಿದ್ದು, ತಮಾಷೆಗೆ. ನನಗೆ ನಗು ಬರಲಿಲ್ಲ.

ನೀವು ಕೇಳಿದ್ದು. ಡಿಸ್ಕಿನ ತಂತಿ ಚುಚ್ಚಿದ ಕೂಡಲೇ ಹಸಿರು ದೀಪ ಹತ್ತುತ್ತದೆ. ಅದು ಕರೆಂಟು ಬಂದದ್ದಕ್ಕೆ ಹತ್ತಿದ್ದು, ಕೆಲಸಕ್ಕೆ ತಯಾರು ಎಂದಲ್ಲ. ಕಂಪ್ಯೂಟರಿನೊಳಗೆ 'ಬ್ಯಾಕಪ್' ಎಂಬ ಖಾಲಿ ಫೋಲ್ಡರ್ ಒಂದನ್ನು ಮಾಡಿಟ್ಟಿರುತ್ತೇವೆ. ಮೌಂಟ್ ಎಂದು ಆಜ್ಞೆ ಕೊಟ್ಟ ಮೇಲಷ್ಟೇ ಆ ಜಾಗದಲ್ಲಿ ಡಿಸ್ಕ್ ಬಂದು ಕೂರುತ್ತದೆ. ಕೂತಿದೆಯೋ ಇಲ್ಲವೋ ಮೌಂಟ್ ಆದವುಗಳ ಪಟ್ಟಿ ತೆಗೆದು ನೋಡಿ. ಆಮೇಲೆ ನಕಲು ಬರೆಯಿರಿ. ಮುಗಿದ ಮೇಲೆ ಅನ್‌ಮೌಂಟ್ ಮಾಡಿ, ಕರ್ಸರ್ ವಾಪಸು ಬರುವವರೆಗೆ ಕೈ ಕಟ್ಟಿಕೊಂಡು ಕಾಯಿರಿ. ಬರೆದದ್ದರಲ್ಲಿ ಸ್ವಲ್ಪ ಭಾಗ ಇನ್ನೂ ಕಂಪ್ಯೂಟರಿನ ಕೈಯಲ್ಲೇ ಇರುತ್ತದೆ, ಅದನ್ನು ಡಿಸ್ಕಿಗೆ ಒಪ್ಪಿಸಲು ಅದಕ್ಕೆ ಸಮಯ ಬೇಕು. ಆಮೇಲೆ ಕೀಳಿ.

ಮೌಂಟ್ ಮಾಡದೆ ಬರೆದರೆ ಕಂಪ್ಯೂಟರು ಬೇಡ ಎನ್ನುವುದಿಲ್ಲ. ಆ ಖಾಲಿ ಫೋಲ್ಡರಿಗೆ, ಅಂದರೆ ತನ್ನ ಹೊಟ್ಟೆಯೊಳಗೇ, ಬರೆದುಕೊಂಡು ಸುಮ್ಮನಿರುತ್ತದೆ. ಡಿಸ್ಕಿಗೆ ಒಂದಕ್ಷರವೂ ಹೋಗುವುದಿಲ್ಲ. ಒಂದು ದಿನ ಕಂಪ್ಯೂಟರು ಸತ್ತರೆ ಅಸಲೂ ನಕಲೂ ಒಟ್ಟಿಗೇ ಸಾಯುತ್ತವೆ. ಹನ್ನೊಂದು ಶುಕ್ರವಾರ ನನ್ನಿಂದ ಆದದ್ದು ಅದೇ.

ಬೆಳಿಗ್ಗೆ ಮೌಂಟ್ ಮಾಡುವುದು ನನ್ನ ಕೆಲಸ, ಸಂಜೆ ಬರೆದು ಬಿಡಿಸಿ ಕೀಳುವುದು ನಿಮ್ಮದು. ಶುಕ್ರವಾರದ ಪುಸ್ತಕದಲ್ಲಿ ಹನ್ನೊಂದು ಕಡೆಯೂ ನನ್ನ ಸಹಿ ಇದೆ. ಮಾಡಿದ ಹಾಗೇ ನೆನಪು ಕೂಡ ಇದೆ, ಅದೇ ನನಗೆ ಭಯ. ಒಂದು ಶುಕ್ರವಾರ ಮೌಂಟ್ ಮಾಡುವಾಗ ಕಿಟಕಿಯಲ್ಲಿ ಬೆಕ್ಕು ಕೂತಿತ್ತು ಎಂಬುದು ಸಹ ಕಣ್ಣಿಗೆ ಕಟ್ಟಿದಂತಿದೆ. ಮಾಡದ ಕೆಲಸಕ್ಕೆ ಬೆಕ್ಕಿನ ಸಮೇತ ನೆನಪು ಹುಟ್ಟಿಸುವ ತಲೆಯನ್ನು ಏನೆಂದು ನಂಬುವುದು, ನೀವೇ ಹೇಳಿ.

ಅವಳಿಗೆ ಎಡ ಮಗ್ಗುಲಲ್ಲಿ ಮಲಗಲು ಹೇಳಿ. ಕುರ್ಚಿಯ ಎತ್ತರ ಸರಿಮಾಡಿಕೊಳ್ಳಿ, ಮಂಡಿ ಕೆಟ್ಟರೆ ಯಾರು ನೋಡುವವರು?

ಅತ್ತೆ


ಮಾರ್ಚ್ ೧೪

ಪೂಜ್ಯ ಅತ್ತೆಯವರಿಗೆ,

ನೀವು ಬರೆದ ಕ್ರಮವನ್ನು ಗೋಡೆಗೆ ಅಂಟಿಸಿದ್ದೇನೆ. ಹನ್ನೊಂದು ಶುಕ್ರವಾರದ ಸಾಲಿನ ಮೇಲಕ್ಕೇ ಕತ್ತರಿಸಿ ಅಂಟಿಸಿದೆ. ಉಳಿದ ಆ ತುಂಡನ್ನು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.

ಮೊನ್ನೆ ಗಡಿಯಾರ ರಿಪೇರಿಯವರು ಬಂದಿದ್ದರು. ಡಿಸೆಂಬರಿಗೆ ಕಾಲು ಸಿಗಬೇಕಿದ್ದವರು. ಎರಡು ಬಸ್ಸು ಬದಲಾಯಿಸಿ, ಊರುಗೋಲಿನಲ್ಲಿ, ಎರಡನೇ ಸಲ ಅಳತೆ ಕೊಡಲು. ಅವರ ಅಂಗಡಿ ಮಹಡಿಯ ಮೇಲಿದೆ, ಮೂರು ತಿಂಗಳಿಂದ ಬೀಗ ಹಾಕಿದ್ದಾರಂತೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಇಲ್ಲಿ ಒಬ್ರು ಅಮ್ಮ ಇರ್ತಿದ್ರಲ್ಲ, ಎಲ್ಲಿ? ಅವರದ್ದೇ ತಪ್ಪಂತೆ? ಪಾಪ, ವಯಸ್ಸಾದ್ರೆ ಹಾಗೇ ಬಿಡಿ" ಎಂದರು.

ನಾನು "ಹೂಂ" ಎಂದೆ.

ಅತ್ತೆ, ಆ ಹೂಂ ನನ್ನ ಬಾಯಿಂದ ಬಂದದ್ದನ್ನು ನಾನೇ ಕೇಳಿಸಿಕೊಂಡೆ. ಅಂದಿನಿಂದ ಯಾವುದಕ್ಕೂ ಹೂಂ ಎನ್ನಲು ಆಗುತ್ತಿಲ್ಲ. ನಿಮ್ಮ ಮಗಳು ಏನಾದರೂ ಕೇಳಿದರೆ ತಲೆ ಆಡಿಸುತ್ತೇನೆ. ಬಾಯಲ್ಲಿ ಏನಿಟ್ಟುಕೊಂಡಿದ್ದೀರಿ ಎನ್ನುತ್ತಾಳೆ.

ನಮ್ಮಲ್ಲಿ ಹೊಸ ಸ್ಕ್ಯಾನರ್ ಬಂದದ್ದು ಸೆಪ್ಟೆಂಬರಿನ ಮೊದಲ ವಾರ. ನಿಮಗೆ ನೆನಪಿದೆಯೇ? ಪರೀಕ್ಷೆ ಮಾಡಲು ಕೇಳಿದ್ದಲ್ಲ, ತಪ್ಪು ತಿಳಿಯಬೇಡಿ. ಅದು ಆಗಾಗ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು, ಅಷ್ಟೇ ಹೇಳಬೇಕಿತ್ತು.

ಕತ್ತಲಾಗುವ ಮೊದಲು ಟಪಾಲಿಗೆ ಹಾಕಬೇಕು, ನಿಲ್ಲಿಸುತ್ತೇನೆ.

ನಿಮ್ಮ ಅಳಿಯ


ಏಪ್ರಿಲ್ ೨

ಅಳಿಯಂದಿರಿಗೆ ಆಶೀರ್ವಾದಗಳು.

ಸ್ಕ್ಯಾನರ್ ನೆನಪಿದೆ. ಪೆಟ್ಟಿಗೆ ಬಿಚ್ಚಿದಾಗ ನೀವು ಅದರ ಥರ್ಮಾಕೋಲನ್ನು ಹೊಸ ಸೀರೆಯ ಹಾಗೆ ಮಡಿಸಿಡಲು ಹೋದದ್ದೂ ನೆನಪಿದೆ. ಆದರೆ ಈಗ ನೆನಪಿದೆ ಎಂದ ಕೂಡಲೇ, ನಿಜವಾಗಿ ಇದೆಯೋ ನಾನೇ ಕಟ್ಟಿಕೊಂಡದ್ದೋ ಎಂದು ಅನುಮಾನ ಬರುತ್ತದೆ.

ತಂಗಿ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಗಳ ವಯಸ್ಸಿನ ಡಾಕ್ಟರು. ಐದು ಪದ ಹೇಳಿ, ಆಮೇಲೆ ಗಡಿಯಾರದ ಚಿತ್ರ ಬರೆಸಿ, ಈಗ ಆ ಐದು ಪದ ಹೇಳಿ ಎಂದಳು. ನಾಲ್ಕು ಹೇಳಿದೆ. "ನಿಮ್ಮ ವಯಸ್ಸಿಗೆ ಇದು ಚೆನ್ನಾಗೇ ಇದೆ ಅಮ್ಮ, ಏನೂ ತೊಂದ್ರೆ ಇಲ್ಲ" ಎಂದಳು. "ಇದೆ ತಾಯಿ, ನನ್ನ ಹತ್ರ ಸಾಕ್ಷಿ ಇದೆ. ಹನ್ನೊಂದು ವಾರ ಒಂದೇ ಕೆಲಸ ಮರೆತು, ಮಾಡಿದೆ ಅಂತ ಸಹಿ ಹಾಕಿದೀನಿ" ಎಂದೆ. ಅವಳ ಮುಖದ ನಗು ಹೋಯಿತು. ಬೇರೆ ಪರೀಕ್ಷೆಗಳಿಗೆ ಬರೆದುಕೊಟ್ಟಳು.

ಈಗ ಮುಖ್ಯ ವಿಷಯ. ನನ್ನ ಮಗಳಿಗೆ ನೀವೇ ಹೇಳಬೇಕು, ನನ್ನ ಕೈಯಲ್ಲಿ ಆಗುವುದಿಲ್ಲ. ಹೆರಿಗೆಗೆ ನಾನು ಬರುವುದಿಲ್ಲ. ಅವಳು ಹುಟ್ಟಿದಾಗಿನಿಂದ ಅವಳ ಮಗುವಿಗೆ ನಾನೇ ನೀರು ಹಾಕಬೇಕು ಎಂದು ಆಸೆ ಇಟ್ಟುಕೊಂಡವಳು ನಾನು. ಆದರೆ ಮಗುವನ್ನು ಟಬ್ಬಿನಲ್ಲಿ ಕೂರಿಸಿ ಟವೆಲ್ ತರಲು ಎದ್ದು ಹೋಗಿ, ಅಲ್ಲಿ ಬೇರೇನೋ ಕೆಲಸ ಹಿಡಿದುಬಿಟ್ಟರೆ? ನೀರು ಕೈಗೆ ತಾಗಿಸಿ ನೋಡಿದೆ ಎಂದುಕೊಂಡು ನೋಡದೇ ಹಾಕಿಬಿಟ್ಟರೆ? ಡಿಸ್ಕಿಗಾದರೆ ಜನರನ್ನು ಮತ್ತೆ ಕರೆಸಿ ಅಳತೆ ತೆಗೆಯಬಹುದು.

ನನ್ನ ಕೈಗೆ ಮಗು ಕೊಡಬೇಡಿ. ಕೇಳಿದರೂ ಕೊಡಬೇಡಿ.

ಅತ್ತೆ


ಏಪ್ರಿಲ್ ೧೧

ಅತ್ತೆ,

ನೀವು ಮರೆತಿಲ್ಲ. ಒಂದು ಶುಕ್ರವಾರವೂ ಮರೆತಿಲ್ಲ. ನಾನು ಮಾಡಿದ್ದು.

ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಮತ್ತೆ ಸ್ಕ್ಯಾನರು, ಚಪ್ಪಲಿ ಎಂದು ಸುತ್ತಿ ಬಳಸಿ ಹಾಳೆ ಮುಗಿಸಿಬಿಡುತ್ತೇನೆ. ಈಗ ಹೇಗಾಯಿತೆಂದು ಹೇಳುತ್ತೇನೆ.

ಹೊಸ ಸ್ಕ್ಯಾನರ್ ಶುಕ್ರವಾರ ಹೆಚ್ಚು ಕೆಲಸ ಇರುವಾಗಲೇ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು. ನನಗೆ ಹೇಳದೆ ರೀಸ್ಟಾರ್ಟ್ ಮಾಡಬೇಡ ಎಂದು ನೀವು ಎಷ್ಟು ಸಲ ಹೇಳಿದ್ದಿರಿ! ಹೇಳಿದರೆ ಅದೇಕೆ ಇದೇಕೆ ಎಂದು ಅರ್ಧ ಗಂಟೆ ತಗೊಳ್ಳುತ್ತೀರಿ, ಹೊರಗೆ ಜನ ಕಾಯುತ್ತಿದ್ದಾರೆ ಎಂದು ನೀವು ಊಟಕ್ಕೆ ಹೋದಾಗ ಮಾಡಿಬಿಡುತ್ತಿದ್ದೆ. ರೀಸ್ಟಾರ್ಟ್ ಆದ ಕೂಡಲೇ ಬೆಳಿಗ್ಗೆ ನೀವು ಮಾಡಿದ ಮೌಂಟ್ ಬಿಟ್ಟುಹೋಗುತ್ತಿತ್ತು. ಆ ಡಿಸ್ಕನ್ನು ಕೈಯಿಂದಲೇ ಮತ್ತೆ ಮೌಂಟ್ ಮಾಡಬೇಕಿತ್ತು. ನಾನು ಮಾಡಲಿಲ್ಲ. ಹಸಿರು ದೀಪ ಉರಿಯುತ್ತಿತ್ತಲ್ಲ, ಸಾಕು ಎಂದುಕೊಂಡೆ.

ಇನ್ನೂ ಇದೆ. ಸಂಜೆ ಬರೆದು ಮುಗಿಸಿ ಅನ್‌ಮೌಂಟ್ ಎಂದು ಕೊಟ್ಟರೆ, ಪರದೆಯ ಮೇಲೆ 'ಮೌಂಟ್ ಆಗಿಲ್ಲ' ಎಂದು ಬರುತ್ತಿತ್ತು. ಹನ್ನೊಂದು ಸಲವೂ ಬಂತು. ನಾನು ಓದಿದೆ ಅತ್ತೆ. ಓದಿ, ಒಳ್ಳೆಯದಾಯಿತು, ತಾನಾಗಿಯೇ ಬಿಟ್ಟುಕೊಂಡಿದೆ, ಕಾಯುವುದು ತಪ್ಪಿತು ಎಂದು ಕಿತ್ತು ಬೀರುವಿಗೆ ಹಾಕಿ ಸಹಿ ಮಾಡಿ ಮನೆಗೆ ಹೋದೆ. ಮುಕ್ಕಾಲು ಗಂಟೆಯ ನಕಲು ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದುದೂ ನನಗೆ ಖುಷಿಯೇ ಆಗಿತ್ತು.

ಕಂಪ್ಯೂಟರು ಕೆಟ್ಟ ದಿನ ಆ ಹೊರಗಿನ ಎಂಜಿನಿಯರು ಡಿಸ್ಕ್ ತೆರೆದು, "ಕೊನೇ ನಕಲು ಸೆಪ್ಟೆಂಬರಿಗೆ ಮುಂಚಿನದು, ಆಮೇಲೆ ಇದನ್ನ ಯಾರೂ ಮೌಂಟೇ ಮಾಡಿಲ್ಲ" ಎಂದಾಗ ನನಗೆ ಆ ಊಟದ ಬಿಡುವುಗಳು ನೆನಪಾದವು. ಆ ಕ್ಷಣವೇ ಎಲ್ಲ ಗೊತ್ತಾಯಿತು. ರೀಸ್ಟಾರ್ಟ್ ಮಾಡಿದ್ದಕ್ಕೆ ಇದ್ದ ದಾಖಲೆ ಆ ಸತ್ತ ಕಂಪ್ಯೂಟರಿನ ಜೊತೆಗೇ ಹೋಗಿದೆ ಎಂಬುದೂ ಗೊತ್ತಾಯಿತು. ಎಲ್ಲರೂ ನಿಮ್ಮ ಕಡೆ ನೋಡಿದರು. ನೀವು "ನಾನು ಮಾಡಿದ ನೆನಪಿದೆ" ಎಂದಿರಿ. ನಿಮ್ಮ ಮಗಳು ಆ ಸಂಜೆ "ಅಮ್ಮ, ನಿಂಗೆ ಮರೆತಿರತ್ತೆ" ಎಂದಳು. ಆಮೇಲೆ ನೀವು "ಇರಬಹುದು" ಎಂದಿರಿ. ಆ 'ಇರಬಹುದು' ಕೇಳಿದಾಗಲಾದರೂ ನಾನು ಬಾಯಿ ಬಿಡಬೇಕಿತ್ತು.

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವಳು ಬಸುರಿ ಎಂದು ತಿಳಿದು ನಾಲ್ಕು ದಿನವಾಗಿತ್ತು. ಅತ್ತೆಗೆ ಹೇಗೂ ನಿವೃತ್ತಿಗೆ ಒಂದೇ ವರ್ಷ ಎಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮ ಕೆಲಸ ಹೋಗುತ್ತದೆ ಎಂಬುದಷ್ಟೇ ನನ್ನ ಲೆಕ್ಕದಲ್ಲಿತ್ತು. ನಿಮ್ಮ ತಲೆಯ ಮೇಲಿನ ನಂಬಿಕೆಯೇ ಹೋಗುತ್ತದೆ ಎಂದು ಹೊಳೆಯಲಿಲ್ಲ. ಹೊಳೆದ ಮೇಲೂ ಎರಡು ತಿಂಗಳು ಸುಮ್ಮನಿದ್ದೆ. ಅದಕ್ಕೆ ಯಾವ ಸಬೂಬೂ ಇಲ್ಲ.

ಡಾಕ್ಟರ ಆ ಪರೀಕ್ಷೆಗಳನ್ನು ಮಾಡಿಸಬೇಡಿ. ನಿಮಗೆ ಏನೂ ಆಗಿಲ್ಲ. ಬೆಕ್ಕು ನಿಜವಾಗಿ ಕೂತಿತ್ತು.

ನಾನು


ಮೇ ೩

ಅತ್ತೆ,

ಮೂರು ವಾರವಾಯಿತು. ಕಾಗದ ತಲುಪಿತೋ ಇಲ್ಲವೋ ಎಂದು ಮಾತ್ರ ತಿಳಿಸಿ. ಬೈಗುಳವೇ ಆಗಲಿ, ಖಾಲಿ ಲಕೋಟೆಯೇ ಆಗಲಿ.

ಅವಳಿಗೆ ಇನ್ನೂ ಹೇಳಿಲ್ಲ.

ನಾನು


ಮೇ ೧೯

ತಲುಪಿತು. ಏಪ್ರಿಲ್ ಹದಿನಾರು, ಮಧ್ಯಾಹ್ನ. ಬೆನ್ನಿಗೆ ಬರೆದಿಲ್ಲ, ನೆನಪಿನಿಂದ ಹೇಳುತ್ತಿದ್ದೇನೆ.

ವರ್ಕ್‌ಶಾಪಿನಲ್ಲಿ ನೀನು, ಮನೆಯಲ್ಲಿ ನೀವು ಎಂದು ಎರಡು ವರ್ಷ ನಾಲಿಗೆ ಹೊರಳಿಸಿದ್ದೇನೆ. ಇವತ್ತು ನೀನು. ಅಳಿಯ ಎಂಬ ಮರ್ಯಾದೆ ಇಟ್ಟುಕೊಂಡು ಇದನ್ನು ಬರೆಯಲು ನನ್ನಿಂದಾಗದು.

ನಿನ್ನ ಕಾಗದ ಓದಿದ ಕೂಡಲೇ ನಂಬಲಿಲ್ಲ. ಮುದುಕಿಗೆ ಸಮಾಧಾನವಾಗಲಿ ಎಂದು ತಾನೇ ಮೈಮೇಲೆ ಹಾಕಿಕೊಂಡಿದ್ದಾನೆ ಎಂದುಕೊಂಡೆ. ಅಷ್ಟರಮಟ್ಟಿಗೆ ಕೆಟ್ಟಿತ್ತು ನೋಡು ನನ್ನ ತಲೆ. ತಂಗಿಯ ಹಳೆಯ ಕಂಪ್ಯೂಟರಿಗೆ ಅದೇ ಬಳಗದ ಸಿಸ್ಟಂ ಹಾಕಿದೆ, ಅಂಗಡಿಯಿಂದ ಒಂದು ಡಿಸ್ಕ್ ತಂದೆ. ಮೌಂಟ್ ಮಾಡಿದೆ, ಪಟ್ಟಿ ನೋಡಿದೆ, ರೀಸ್ಟಾರ್ಟ್ ಮಾಡಿದೆ, ಅದೇ ಫೋಲ್ಡರಿಗೆ ನಕಲು ಬರೆದೆ. ಅನ್‌ಮೌಂಟ್ ಎಂದೆ. 'ಮೌಂಟ್ ಆಗಿಲ್ಲ' ಎಂದಿತು. ಡಿಸ್ಕ್ ಖಾಲಿ, ಫೋಲ್ಡರ್ ತುಂಬಿತ್ತು. ಮತ್ತೆ ಮಾಡಿದೆ. ಐದು ಸಲ ಮಾಡಿದೆ. ಐದನೇ ಸಲಕ್ಕೆ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ತಂಗಿ ಹೆದರಿ ಓಡಿಬಂದಳು. ನಾನು ಅಳುತ್ತಿದ್ದದ್ದು ಸಂತೋಷಕ್ಕೆ.

ಸಂತೋಷ ಎರಡು ದಿನ ಇತ್ತು. ಆಮೇಲೆ ಸಿಟ್ಟು ಬಂತು. ಗಂಡ ಸತ್ತಾಗಲೂ ನನ್ನ ಮೇಲೆ ನನಗಿದ್ದ ನಂಬಿಕೆ ಅಲ್ಲಾಡಿರಲಿಲ್ಲ. ನೀನು ಅದನ್ನು ಊಟದ ಬಿಡುವಿನಲ್ಲಿ ಕಿತ್ತುಕೊಂಡೆ. ರೀಸ್ಟಾರ್ಟ್ ಮಾಡಿದ್ದು ಅವಸರ, ಪರದೆಯ ಮಾತನ್ನು ತಿರುಚಿ ಓದಿದ್ದು ದಡ್ಡತನ. ಎರಡೂ ಕಲಿಯುವಾಗ ಮಾಡುವಂಥವೇ, ಅವನ್ನು ಒಂದು ದಿನ ನಕ್ಕು ಮರೆಯಬಹುದು. ನಾನು 'ಇರಬಹುದು' ಎಂದಾಗ ನೀನು ನೆಲ ನೋಡಿದ್ದೆ. ಅದನ್ನು ಹೇಗೆ ಮರೆಯಲಿ? ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ, ಬರಲಿಲ್ಲ. ಸುಳ್ಳು ಬರೆದು ಕಳಿಸುವುದಿಲ್ಲ.

ನನ್ನ ಪಾಲೂ ಇದೆ. ಡಿಸ್ಕ್ ಕೂತಿದೆಯೇ ಎಂದು ಮೊದಲು ನೋಡು, ಇಲ್ಲದಿದ್ದರೆ ಬರೆಯಬೇಡ ಎಂದು ನಕಲು ಮಾಡುವ ಆಜ್ಞೆಗಳನ್ನು ಬರೆದಿಟ್ಟ ಆ ಸ್ಕ್ರಿಪ್ಟಿಗೆ ಒಂದೇ ಒಂದು ಸಾಲು ಸೇರಿಸಬಹುದಿತ್ತು. ಕೈಯಿಂದ ಮಾಡಿದರೆ ಜನಕ್ಕೆ ಜವಾಬ್ದಾರಿ ಬರುತ್ತದೆ ಎಂಬ ಜಂಬದಲ್ಲಿ ಬಿಟ್ಟೆ. ತಿಂಗಳಿಗೊಮ್ಮೆ ಬೀರುವಿನ ಡಿಸ್ಕ್ ತೆಗೆದು ನೋಡಲೂ ಇಲ್ಲ. ಅಳಿಯ ಸಹಿ ಮಾಡಿದ್ದಾನೆ, ಇನ್ನೇನು ನೋಡುವುದು ಎಂದುಕೊಂಡೆ.

ನನಗೊಬ್ಬಳಿಗೆ ಹೇಳಿ ಹಗುರಾದೆ ಎಂದುಕೊಳ್ಳಬೇಡ. ಇದು ನನ್ನ ಪೆಟ್ಟಿಗೆಯಲ್ಲಿದ್ದರೆ ಯಾರಿಗೆ ಏನು ಬಂತು? ನಿನ್ನ ಹೆಂಡತಿಗೆ ಹೇಳು. ಮೇಲಿನವರಿಗೆ ಹೇಳು. ಎರಡು ಬಸ್ಸು ಹತ್ತಿ ಬಂದವರಿಗೆ ಹೇಳು. ಅಲ್ಲಿಯವರೆಗೆ ನನಗೆ ಬರೆಯಬೇಡ.

ಅತ್ತೆ


ಜೂನ್ ೧೫

ಅತ್ತೆ,

ಮೂರೂ ಮುಗಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಅವಳಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಮಗುವಿನ ಒಂದೇ ಅಂಗಿಯನ್ನು ಮಡಿಸುತ್ತಲೇ ಇದ್ದಳು, ಬಿಚ್ಚುವುದು, ಮತ್ತೆ ಮಡಿಸುವುದು. ಆಮೇಲೆ "ಮೊದಲು 'ನಿಂಗೆ ಮರೆತಿರತ್ತೆ' ಅಂದಿದ್ದು ನಾನು. ನನ್ನ ಬಾಯಲ್ಲಿ ಅದನ್ನ ಹೇಳಿಸಿ ನೀವು ಪಕ್ಕದಲ್ಲಿ ಕೂತಿದ್ರಿ" ಎಂದಳು. ಆರು ದಿನ ಮಾತಾಡಲಿಲ್ಲ. ಏಳನೆಯ ದಿನ ಉಪ್ಪು ಎಲ್ಲಿ ಎಂದು ಕೇಳಿದಳು. ಅಷ್ಟಕ್ಕೇ ನನಗೆ ಕಣ್ಣು ತುಂಬಿತು, ಅವಳಿಗೆ ಇನ್ನೂ ಸಿಟ್ಟು ಬಂತು.

ಮುಖ್ಯಸ್ಥರ ಕೋಣೆಯಲ್ಲಿ ಹೇಳಿದರೆ ಅಲ್ಲೇ ಉಳಿದುಬಿಡುತ್ತದೆಂದು ಎಲ್ಲರೂ ಸೇರುವ ಸೋಮವಾರದ ಸಭೆಯಲ್ಲೇ ನಿಂತು ಹೇಳಿದೆ. ಅಚ್ಚು ತೆಗೆಯುವ ಪ್ಲಾಸ್ಟರಿನವರು "ಥೂ" ಎಂದರು. ಅವರು ನಿಮ್ಮ ಜೊತೆ ಇಪ್ಪತ್ತು ವರ್ಷ ಇದ್ದವರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಉಜ್ಜುವ ಕೋಣೆಗೆ ಹಾಕಿದ್ದಾರೆ. ಕಾಲಿನ ಅಂಚು ಚರ್ಮಕ್ಕೆ ಒತ್ತದ ಹಾಗೆ ಉಜ್ಜಿ ನುಣುಪು ಮಾಡುವ ಕೆಲಸ. ಮೈಯೆಲ್ಲ ಬಿಳಿ ಧೂಳು. ನಿಮ್ಮ ಮೇಲಿನ ಆರೋಪ ಹಿಂತೆಗೆದ ಪತ್ರ ಇದರ ಜೊತೆಗಿದೆ, ಮತ್ತೆ ಬರುವಿರಾ ಎಂದೂ ಕೇಳಿದ್ದಾರೆ.

ಎಂಬತ್ತಮೂರು ಜನರಿಗೂ ಕಾಗದ ಬರೆದೆ. ಒಂದೇ ಒಕ್ಕಣೆ, ಆದರೆ ಪ್ರತಿಯೊಂದೂ ಕೈಯಲ್ಲೇ ಬರೆದದ್ದು. ಒಂಬತ್ತು ಜನ ಉತ್ತರ ಕೊಟ್ಟರು. ಗಡಿಯಾರ ರಿಪೇರಿಯವರು ಬರೆದದ್ದು ಒಂದೇ ಸಾಲು: "ಅವತ್ತು ಆ ಅಮ್ಮನ ಬಗ್ಗೆ ನಾನು ಆಡಿದ ಮಾತನ್ನು ಅವರಿಗೆ ದಾಟಿಸಿದ್ದರೆ, ನನ್ನಿಂದ ತಪ್ಪಾಯ್ತು ಎಂದು ಹೇಳಿ." ಹೇಳಿದ್ದೇನೆ.

ಡಾಕ್ಟರು ಜುಲೈ ಎರಡನೇ ವಾರ ಎಂದಿದ್ದಾರೆ. ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ಅವಳು ಕರೆಯುತ್ತಿದ್ದಾಳೆ.

ನಿಮ್ಮ ಅಳಿಯ ಎಂದು ಸಹಿ ಹಾಕಬಹುದಾದರೆ, ಅಳಿಯ


ಜೂನ್ ೨೮

ಅಳಿಯಂದಿರಿಗೆ,

ಪತ್ರ ತಲುಪಿತು. ಕೆಲಸಕ್ಕೆ ಮತ್ತೆ ಬರುವುದಿಲ್ಲ ಎಂದು ಅವರಿಗೆ ಬೇರೆ ಬರೆದಿದ್ದೇನೆ. ಆದರೆ ಸ್ಕ್ರಿಪ್ಟಿಗೆ ಸೇರಿಸಬೇಕಾದ ಆ ಒಂದು ಸಾಲನ್ನು ಕಳಿಸಿದ್ದೇನೆ.

ಜುಲೈ ಐದಕ್ಕೆ ಬರುತ್ತೇನೆ. ಬಸ್ ಸ್ಟ್ಯಾಂಡಿಗೆ ಬರುವುದು ಬೇಡ, ದಾರಿ ಗೊತ್ತಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಬಂದ ಮೇಲೆ ನೋಡಿ ಗಾಬರಿಯಾಗಬಾರದು. ನನಗೆ ಮರೆವಿಲ್ಲ ಎಂದು ಈಗ ಗೊತ್ತು. ಐದು ಸಲ ಮಾಡಿ ನೋಡಿದ್ದೇನೆ. ಆದರೂ ಒಲೆ ಆರಿಸಿ ಬಂದವಳು ಮೂರು ಸಲ ಎದ್ದು ಹೋಗಿ ನೋಡುತ್ತೇನೆ. ಗೋಡೆಯ ಚೀಟಿಗಳನ್ನೆಲ್ಲ ಕಿತ್ತು ಹಾಕಿದೆ, ಕೈ ಮಾತ್ರ ಅಲ್ಲಿಗೆ ಹೋಗಿ ತಡಕಾಡುತ್ತದೆ. ಬುದ್ಧಿಗೆ ತಿಳಿದದ್ದು ಹೊಟ್ಟೆಗೆ ಇಳಿಯುತ್ತಿಲ್ಲ. ಇದು ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗದಿದ್ದರೆ ನೀವು ಕೊಟ್ಟದ್ದು ಎಂದು ಇಟ್ಟುಕೊಂಡಿರಬೇಕು.

ಮಗುವಿಗೆ ನಾನೇ ನೀರು ಹಾಕುತ್ತೇನೆ. ಆಗ ನೀವು ಬಚ್ಚಲಿನ ಬಾಗಿಲಲ್ಲಿ ನಿಂತಿರಬೇಕು. ನೀರು ಕೈಗೆ ತಾಗಿಸಿ ನೋಡಿದೆನಾ ಎಂದು ನಾನು ಕೇಳುತ್ತೇನೆ. ನೋಡಿ ಎರಡು ನಿಮಿಷ ಆಗಿರುವುದಿಲ್ಲ, ಮತ್ತೆ ಕೇಳುತ್ತೇನೆ. ಹತ್ತು ಸಲ ಕೇಳಿದರೂ ಬೇಸರ ಮಾಡಿಕೊಳ್ಳದೆ ಉತ್ತರ ಹೇಳಬೇಕು. ನೋಡಿದ್ದರೆ ನೋಡಿದಿರಿ ಎನ್ನಿ. ನೋಡಿರದಿದ್ದರೆ ಇಲ್ಲ ಎನ್ನಿ, ನನ್ನ ಮುಖ ನೋಡಿಕೊಂಡು.

ಅತ್ತೆ